ಸುಂಕದ ಕಟ್ಟೆಯಲ್ಲಿ ನಿಂತ ನಾಗಸ್ವರ

ವಿದೇಶದ ಪಾರ್ಸೆಲ್‌ಗಳನ್ನು ಪರಿಶೀಲಿಸುವ ಸುಂಕದ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಪಾರ್ಸೆಲನ್ನು ಬಂದಲ್ಲಿಗೇ ವಾಪಸು ಕಳಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ಕಳಿಸಬೇಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಗಾದೆ ಕಟ್ಟಿದವರು ಅನುಭವಸ್ಥರೇ ಇರಬೇಕು. ಆದರೂ ಹೇಳುತ್ತೇನೆ. ನಿಮ್ಮ ಕಚೇರಿಗೆ ಬರೆದ ಪತ್ರಕ್ಕೆಲ್ಲ ಉತ್ತರವಾಗಿ ಹೊಸ ಪ್ರಶ್ನೆಯೇ ಬರುವುದರಿಂದ ಈ ಸಲ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಾನು ಬಂಟ್ವಾಳದಲ್ಲಿ ಭೌತಶಾಸ್ತ್ರ ಕಲಿಸುವವಳು. ಕೆಲವರಿಗೆ ಮಲ್ಲಿಗೆ ಬೆಳೆಸುವ ಹುಚ್ಚು, ಕೆಲವರಿಗೆ ಕೋಳಿ ಅಂಕದ ಹುಚ್ಚು. ನಮ್ಮ ಗುಂಪಿಗೆ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹೊರಡಿಸುವ ವಾದ್ಯವನ್ನು, ಮನೆಯಲ್ಲೇ ಕಟ್ಟುವ ಹುಚ್ಚು. ಮೂಡುಬಿದಿರೆಯಲ್ಲಿ ಮೊಬೈಲ್ ರಿಪೇರಿ ಮಾಡುವ ರಿಫಾ ನಕ್ಷೆ ಬಿಡಿಸುತ್ತಾಳೆ. ಮುಂಡಾಜೆಯ ಕುಶಾಲಪ್ಪ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದು ಬೆಸುಗೆ ಹಾಕುತ್ತಾರೆ. ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಬೋರ್ಡನ್ನು ಮಾತ್ರ ಹೊರಗಿನಿಂದ ಮಾಡಿಸಬೇಕು. ಒಂದೇ ಒಂದು ಬೇಕೆಂದರೆ ಕಾರ್ಖಾನೆಯವರು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಎಲ್ಲರದ್ದನ್ನೂ ಒಟ್ಟು ಸೇರಿಸಿ ನನ್ನ ಹೆಸರಿಗೆ ತರಿಸುವುದು ನಮ್ಮ ಕ್ರಮ.

ಈ ಸಲ ಎಲ್ಲರೂ ತಂತಮ್ಮ ಆಸೆ ಬದಿಗಿಟ್ಟು ಒಂದೇ ಬಗೆಯ ಬೋರ್ಡ್ ತರಿಸಿದೆವು. ಅದು ಸಿದ್ಧಕಟ್ಟೆಯ ಪದ್ಮಯ್ಯನವರಿಗಾಗಿ. ಈ ಸೀಮೆಯ ಅರ್ಧ ಮದುವೆಗಳಿಗೆ ನಾಗಸ್ವರ ಊದಿದವರು ಅವರು, ನನ್ನ ಮದುವೆಗೂ. ಈಗ ಶ್ವಾಸಕೋಶ ಕೈಕೊಟ್ಟಿದೆ, ನಾಗಸ್ವರ ಮುಟ್ಟಲೇಬಾರದು ಎಂದಿದ್ದಾರೆ ಡಾಕ್ಟರು. ಬೆರಳುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ, ಕೂತಲ್ಲೇ ಊರುಗೋಲಿನ ಮೇಲೆ ಆಡುತ್ತಿರುತ್ತವೆ. ಆ ಬೆರಳುಗಳಿಗಾಗಿ, ಮೆಲ್ಲಗೆ ಉಸಿರು ಬಿಟ್ಟರೂ ಸ್ವರ ಹೊರಡುವ ವಾದ್ಯ ಕಟ್ಟಲು ಹೊರಟೆವು. ಒಂದು ಕೆಟ್ಟರೆ ನಮ್ಮಲ್ಲೊಬ್ಬರದ್ದು ಅವರ ಕೈಗೆ ಹೋಗಬೇಕು, ಅದಕ್ಕೇ ಎಲ್ಲವೂ ಒಂದೇ ಬಗೆಯವು.

ರಿಫಾಳ ಅಂಗಡಿಯಲ್ಲಿ ವಯರು ಸಿಕ್ಕಿಸಿ ಮಾಡಿದ ಮೊದಲ ಮಾದರಿಯನ್ನು ಊದಿ ಅವರು, “ಇದು ನಾಗಸ್ವರ ಅಲ್ಲ ಟೀಚರೇ, ಬಸ್ಸಿನ ಹಾರ್ನ್” ಎಂದಿದ್ದರು. ರಿಫಾ ತಿದ್ದಿದಳು, ಮತ್ತೆ ತಿದ್ದಿದಳು. ಕೊನೆಗೊಂದು ದಿನ ಧಾರೆಯ ಹೊತ್ತಿಗೆ ನುಡಿಸುವ ಸ್ವರಗಳು ಆ ಡಬ್ಬಿಯಿಂದ ಬಂದವು. ಒಂದು ಸಾಲು ಮುಗಿಯುವಷ್ಟರಲ್ಲಿ ವಯರು ಕಳಚಿತು.

“ಬೋರ್ಡ್ ಬಂದ್ರೆ ಹೀಗೆ ಕಳಚುವುದಿಲ್ಲ ಅಜ್ಜ,” ಎಂದಳು ರಿಫಾ.

“ಹಾಗಾದ್ರೆ ಕಾಯ್ತೇನೆ. ಅಷ್ಟು ಉಸಿರು ಉಂಟಲ್ಲ,” ಎಂದರು.

ಬೋರ್ಡ್ ನಿಮ್ಮಲ್ಲಿಯವರೆಗೆ ಬಂತು. ಒಂದೇ ಬಗೆಯದು ಇಷ್ಟೊಂದು ಯಾಕೆ, ಇದು ವ್ಯಾಪಾರವಲ್ಲವೇ ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಉತ್ತರ ಬರೆಯುವಾಗ ಕುಶಾಲಪ್ಪ, “ಪದ್ಮಯ್ಯಣ್ಣನ ಡಾಕ್ಟ್ರ ಚೀಟಿ ಒಂದು ಒಟ್ಟಿಗೆ ಇಡುವ ಟೀಚರೇ. ಅದಕ್ಕೆ ಕರಗದ ಆಫೀಸು ನಾನು ನೋಡ್ಲಿಲ್ಲ” ಎಂದರು. ನಮ್ಮ ಕಡೆ ಇದು ಸುಳ್ಳಲ್ಲ. ಶಾಲೆಯ ರಜೆಯಿಂದ ಹಿಡಿದು ಎಲೆಕ್ಷನ್ ಡ್ಯೂಟಿಯವರೆಗೆ ಡಾಕ್ಟರ ಚೀಟಿ ಕೆಲಸ ಮಾಡಿದೆ. ಇಟ್ಟೆವು.

ನೀವು ಕರಗಲಿಲ್ಲ, ಓದಿದಿರಿ. ಶ್ವಾಸಕೋಶದ ರೋಗಿ, ಉಸಿರಿನಿಂದ ನಡೆಯುವ ಯಂತ್ರ. ಹಾಗಾದರೆ ಇದು ವೈದ್ಯಕೀಯ ಉಪಕರಣ, ಆಮದು ಪರವಾನಗಿ ತನ್ನಿ ಎಂದಿರಿ. ಗಣೇಶನನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗಾಯಿತು. ಮಾನ್ಯರೇ, ನಾಗಸ್ವರ ಯಾವ ಕಾಯಿಲೆಯನ್ನು ಗುಣ ಮಾಡುತ್ತದೆ? ಬರಿಯ ಬೋರ್ಡು, ಮೇಲೆ ಒಂದು ಬಿಡಿಭಾಗವೂ ಇಲ್ಲದ್ದು, ಯಾರ ನಾಡಿ ಹಿಡಿದು ನೋಡುತ್ತದೆ? ಪರವಾನಗಿ ಕೊಡುವ ಕಚೇರಿಗೂ ಹೋದೆ. ಇದು ವೈದ್ಯಕೀಯ ಉಪಕರಣವೇ ಅಲ್ಲ, ಕೊಡಲಾಗದು ಎಂದರು. ಅದನ್ನೇ ಬರೆದುಕೊಡಿ ಎಂದೆ. ವೈದ್ಯಕೀಯ ಉಪಕರಣಗಳ ಬಗ್ಗೆ ಮಾತ್ರ ಬರೆದುಕೊಡುವುದು ಎಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಇಷ್ಟು ವಯಸ್ಸಾದ ಮೇಲೆ ಕಚೇರಿಯ ಮೆಟ್ಟಿಲಲ್ಲಿ ಅಳುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ.

ಆ ಚೀಟಿಯನ್ನು ನಾವು ಹಿಂದಕ್ಕೆ ಪಡೆಯುತ್ತೇವೆ. ಬೇಕಿದ್ದರೆ ನಮ್ಮನ್ನು ಕರೆಸಿ, ನಿಮ್ಮ ಮೇಜಿನ ಮೇಲೆಯೇ ಬೆಸುಗೆ ಹಾಕಿ, ಬ್ಯಾಟರಿ ಕೊಟ್ಟು ಕೇಳಿಸುತ್ತೇವೆ. ಅದೂ ಆಗದಿದ್ದರೆ ನಮ್ಮ ಪಾಲಿನ ಬೋರ್ಡುಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಿ, ನಾವು ತಕರಾರು ತೆಗೆಯುವುದಿಲ್ಲ. ಒಂದನ್ನು ಮಾತ್ರ ಬಿಡಿ.

ಪದ್ಮಯ್ಯನವರು ನನಗೆ ಫೋನ್ ಮಾಡುತ್ತಿರುತ್ತಾರೆ. ಮೊದಮೊದಲು, “ಟೀಚರೇ, ಊಟ ಆಯ್ತಾ? ನಮ್ಮ ಪಾರ್ಸೆಲ್ ಎಲ್ಲಿಗೆ ಮುಟ್ಟಿತು?” ಎಂದು ಕೇಳುತ್ತಿದ್ದರು. ಆಮೇಲೆ, “ಪಾರ್ಸೆಲ್ ಬಂತಾ ಟೀಚರೇ?” ಎಂದಷ್ಟೇ. ನಿನ್ನೆ ಫೋನ್ ಎತ್ತಿದಾಗ ಬಹಳ ಹೊತ್ತು ಏದುಸಿರು ಮಾತ್ರ ಕೇಳಿಸಿತು. ನಾನು ಕಾದೆ. ಆಮೇಲೆ, “ಬಂತಾ?” ಎಂದರು.

ಇಂತಿ,
ಕರುಣೆ ಹುಟ್ಟಲೆಂದು ಡಾಕ್ಟರ ಚೀಟಿ ಇಟ್ಟು ಕೆಟ್ಟವರ ಪರವಾಗಿ,
ಇವತ್ತು ಫೋನ್ ಎತ್ತಲು ಧೈರ್ಯವಿಲ್ಲದ
ಶಶಿಪ್ರಭಾ, ಬಂಟ್ವಾಳ