ಸಣ್ಣ ಕತ್ತಿಯ ತುಕ್ಕು

ಸೆಪ್ಟೆಂಬರ್ ೨೭, ಶನಿವಾರ

ಉದ್ದ ಕತ್ತಿಗೆ ಎಣ್ಣೆ ಹಚ್ಚಿದೆ. ಹಳೆಯದನ್ನು ಕಾಗದದಿಂದ ಒರೆಸಿ, ಪುಡಿ ತಟ್ಟಿ, ಮತ್ತೆ ಒರೆಸಿ, ಲವಂಗದ ವಾಸನೆಯ ಹೊಸ ಎಣ್ಣೆ. ಅಲಗಿಗೆ ಬೆರಳು ತಾಗಬಾರದು. ಚಿದಂಬರ ಕಾಕಾನ ಕೈ ನಡುಗುತ್ತದೆ, ಅದಕ್ಕೆ ಇದು ನನ್ನ ಕೆಲಸ. ಹಿಡಿಕೆ ಬಿಚ್ಚುವುದು ಮಾತ್ರ ಅವನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಜಪಾನಿನ ಕತ್ತಿ ಅಂತ ಕಾಕಾನ ಹೆಂಡತಿ ಕುಮುದಾ ಕಾಕು ನಗುತ್ತಿದ್ದಳು. ಜೂನ್‌ನಲ್ಲಿ ತೀರಿಕೊಂಡಳು. ನಾನು ಅಳಲಿಲ್ಲ. ಈಗಲೂ ಅಳು ಬರುವುದಿಲ್ಲ.

ಸೆಪ್ಟೆಂಬರ್ ೩೦

ಕಾಕಾನ ಕಣ್ಣಿನ ಆಪರೇಷನ್ ಆಯಿತು. ಬಿಪಿ ಹೆಚ್ಚು, ಎರಡು ದಿನ ಆಸ್ಪತ್ರೆಯಲ್ಲೇ. ಕಣ್ಣಿಗೆ ಪಟ್ಟಿ.

ವಾಡಿಯ ಲಾರಿ ಆಫೀಸಿನಿಂದ ಫೋನ್— ಪಾರ್ಸೆಲ್ ಬಂದಿದೆ. ಆಟೋದಲ್ಲಿ ಹೋಗಿ ತಂದೆ. ಸಣ್ಣ ಕತ್ತಿ. ಸಮುರಾಯಿಗಳು ಒಂದು ಉದ್ದ, ಒಂದು ಸಣ್ಣ, ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸುತ್ತಿದ್ದರಂತೆ. ಒಬ್ಬನೇ ಕಮ್ಮಾರ ಮಾಡಿದ ಜೋಡಿ ಸಿಗುವುದು ಕಷ್ಟ. ಕಾಕಾ ಇಪ್ಪತ್ತೆರಡು ವರ್ಷ ಹುಡುಕಿದ. ಪುಣೆಯ ವಸುಧಾಬಾಯಿಯವರ ಮನೆಯಲ್ಲಿತ್ತು. ಅವರ ಯಜಮಾನರು ತೀರಿಕೊಂಡ ಮೇಲೆ ಕೊಟ್ಟರು. ಹಿಡಿಕೆಯೊಳಗೆ ಕಮ್ಮಾರನ ಹೆಸರು ಕೆತ್ತಿದೆಯಂತೆ; ಅವರ ಮನೆಗೆ ಬಂದ ಮೇಲೆ ಒಮ್ಮೆಯೂ ಬಿಚ್ಚಿಲ್ಲವಂತೆ.

ಅಕ್ಟೋಬರ್ ೧

ಖಂಡೇಪೂಜೆ. ಪ್ರತಿ ವರ್ಷ ಕಾಕು ಮಾಡುತ್ತಿದ್ದಳು. ಈಳಿಗೆ, ಕತ್ತರಿ, ಕಾಕಾನ ಸ್ಕೂಟರ್, ಎಲ್ಲ ತೊಳೆದೆ. ಆಮೇಲೆ ಸಣ್ಣ ಕತ್ತಿ. ಹಿಡಿಕೆ ಅಲ್ಲಾಡುತ್ತಿತ್ತು. ಬಿದಿರಿನ ಮೊಳೆ ತೆಗೆದೆ. ಒಳಗಿನ ಕಬ್ಬಿಣ ಕಪ್ಪು, ಪೂರ್ತಿ ತುಕ್ಕು. ತುಕ್ಕು ಅಂದ್ರ ಕತ್ತಿಗೆ ವೈರಿ ಅಂತ ಕಾಕಾ ದಿನಾ ಹೇಳುತ್ತಾನೆ. ಹುಣಸೆಹಣ್ಣು, ಇಟ್ಟಿಗೆ ಪುಡಿ. ಅರ್ಧ ತಾಸು ತಿಕ್ಕಿದೆ. ಬೆಳ್ಳಿ ಹಾಗೆ ಆಯಿತು. ಕುಂಕುಮ ಇಟ್ಟೆ, ಚೆಂಡು ಹೂವು ಇಟ್ಟೆ, ಒರೆಸಿ ಹಿಡಿಕೆ ಹಾಕಿದೆ.

ಅಕ್ಟೋಬರ್ ೮

ವ್ಯಾಸರಾಜ ಸರ್ ಬಂದರು. ಮಿಹಾನ್‌ನಲ್ಲಿ ವಿಮಾನ ರಿಪೇರಿ ಎಂಜಿನಿಯರ್, ಕಾಕಾನಷ್ಟೇ ಕತ್ತಿಯ ಹುಚ್ಚು. ಅವರು ಬರಲಿ ಅಂತ ಕಾಕಾ ಇಷ್ಟು ದಿನ ಹಿಡಿಕೆ ಮುಟ್ಟಿರಲಿಲ್ಲ. ಬಿಚ್ಚಿದರು.

“ಏನ್ರೀ ಇದು! ನಿನ್ನೆ ಮಾಡಿದ್ಹಂಗ ಅದ,” ಅಂದರು ಸರ್.

“ಕಮ್ಮಾರನ ಹೆಸರು ಅದ ಅಲ್ಲೋ?” ಕಾಕಾ ಕೇಳಿದ.

“ಹೆಸರು ಯಾರರೆ ಕೆತ್ತತಾರ್ರಿ. ಮುನ್ನೂರು ವರ್ಷದ ತುಕ್ಕು ಎಲ್ಲಿಂದ ತರ್ತಾರ? ಅಲಗಿಂದು ತಗೀಬೇಕು, ಹಿಡಿಕಿ ಒಳಗಿಂದು ಯಾರೂ ಮುಟ್ಟೂದಿಲ್ಲ. ಅದs ಅದರ ಜಾತಕ.”

ಉದ್ದ ಕತ್ತಿಯದನ್ನು ಬಿಚ್ಚಿ ಪಕ್ಕದಲ್ಲಿಟ್ಟರು. ಅದು ಕಪ್ಪು. ಇದು ಹೊಳೆಯುತ್ತಿದೆ.

“ಇದನ್ನ ನೋಡ್ಲಿಕ್ಕೇ ಹೊಸಾ ಕಣ್ಣು ಹಾಕಿಸ್ಕೊಂಡೆ ನೋಡು,” ಅಂದ ಕಾಕಾ.

“ಚಾರು, ಚಹಾನಾದ್ರೂ ಅಸಲಿ ಕೊಡವಾ,” ಅಂದರು ಸರ್. ಒಬ್ಬರೇ ನಕ್ಕರು.

ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹೇಳಬೇಕಿತ್ತು. ಹಾಲು ಉಕ್ಕಿತು, ಒರೆಸಿದೆ.

ಅಕ್ಟೋಬರ್ ೯

ಹೇಳಲಿಲ್ಲ.

ಅಕ್ಟೋಬರ್ ೧೩, ಬೆಳಿಗ್ಗೆ ೧೧

ಪೆಟ್ಟಿಗೆ ಕಟ್ಟಿ ಆಯಿತು. ಹನ್ನೆರಡಕ್ಕೆ ವಾಡಿಯಿಂದ ಟೆಂಪೋ, ಪುಣೆಗೆ ವಾಪಸ್. ಕಾಕಾ ವಸುಧಾಬಾಯಿಗೆ ಫೋನ್ ಹಚ್ಚಿದ. ದೊಡ್ಡ ದನಿ ತೆಗೆಯುವವನಲ್ಲ, ಇವತ್ತು ತೆಗೆದ.

“ನಕಲಿ ಅಂತ ನಿಮ್ಮ ಯಜಮಾನರಿಗೂ ಗೊತ್ತಿತ್ತೇನ್ರಿ? ಗೊತ್ತಿದ್ದೇ ಇಟ್ಟಿದ್ರೇನು?”

ಆ ಕಡೆ ಅಳು. ಇಲ್ಲಿಗೆ ಕೇಳಿಸಿತು. ಕಾಕಾ ಫೋನ್ ಇಟ್ಟ.

ಅದೇ ದಿನ, ಮಧ್ಯಾಹ್ನ

ಟೆಂಪೋದವನು ಬಂದ. “ಜಲ್ದಿ ಕರೋ, ತಾಯಿ,” ಅಂದ. ಪೆಟ್ಟಿಗೆ ಎತ್ತಲು ಬಾಗಿದ. ನಾನು ಅದರ ಮೇಲೆ ಕೂತುಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ.

“ಏನಾತ ನಿನಗ?” ಕಾಕಾ.

“ಕರ್ರಗಿತ್ತು ಕಾಕಾ. ಖಂಡೇಪೂಜಿ ದಿನ ತಿಕ್ಕಿದಾಕಿ ನಾನs.”

ಬಯ್ಯಲಿಲ್ಲ. ಟೆಂಪೋದವನನ್ನು ಕಳಿಸಿದ. ಕುರ್ಚಿ ಎಳೆದು ನನ್ನ ಎದುರಿಗೆ ಕೂತ.

“ಎಷ್ಟು ಕರ್ರಗಿತ್ತು? ಉದ್ದದ್ದರಷ್ಟs?”

“ಅಷ್ಟs.”

ಬಾಗಿ ಪೆಟ್ಟಿಗೆಯ ಹಗ್ಗದ ಗಂಟು ಬಿಚ್ಚಿದ. “ಜೋಡಿನs ಇತ್ತು ಹಂಗಾರ. ಇನ್ನ ಯಾರೂ ನಂಬೂದಿಲ್ಲ. ನಾ ಒಬ್ಬವ ನಂಬಬೇಕು.”

ಆಮೇಲೆ ಪುಣೆಗೆ ಫೋನ್ ಹಚ್ಚಿದ. ನನ್ನ ಕೈಗೆ ಕೊಟ್ಟ. “ಆ ಸತ್ತವನ ಮಾನ ನೀನs ತಿರುಗಿ ಕೊಡು.”

ನಾನು ಫೋನಿನಲ್ಲಿ ಮಾತಾಡುವವಳಲ್ಲ. ಸಿಲಿಂಡರಿನವನ ಜೊತೆಗೂ ಕಾಕುನೇ ಮಾತಾಡುತ್ತಿದ್ದಳು.

“ಹಲೋ? ಇನ್ನೇನ್ರಿ?” ಅಂದರು ವಸುಧಾಬಾಯಿ.

ಹೆಸರು ಹೇಳಿದೆ. ತಿಕ್ಕಿದ್ದು ನಾನು, ಅಂದೆ. ನಿಮ್ಮ ಯಜಮಾನರು ಮೋಸ ಮಾಡಿಲ್ಲ, ಅಂದೆ. ಆ ಕಡೆ ಫ್ಯಾನಿನ ಸದ್ದು. ಎರಡನೇ ಸಲ ಹೇಳುವಾಗ ಅಳು ಬಂತು... ಜೂನ್‌ನಿಂದ ಮೊದಲ ಸಲ... ಅವರು, “ಅಳಬ್ಯಾಡವಾ,” ಅಂದರು. ನಾನು ಅಳುತ್ತಲೇ ಮೂರನೇ ಸಲ ಹೇಳಿದೆ.