ಚೆಂಡು ಹಿಡಿದು ನಿಲ್ಲಿಸುವವನಿಗೆ

ಕೂಪರ್ಸ್ ಬೆಂಡ್, ಟೆನೆಸ್ಸಿ
ಸೋಮವಾರ, ನವೆಂಬರ್ 24

ಮಗನೇ ರೀಸ್,

ಭುಜದ ನೋವು ಹೇಗಿದೆಯಪ್ಪ? ನಿನ್ನೆ ಫೋನಿನಲ್ಲಿ ಮೊದಲು ಕೇಳಬೇಕಾದ ಮಾತೇ ಅದು, ಕೇಳಲಿಲ್ಲ. ಬಿಸಿನೀರಿನ ಶಾಖ ಕೊಟ್ಟುಕೋ. ಅಭ್ಯಾಸ ಮುಗಿಸಿ ಬಂದವನು ಅರೆಹೊಟ್ಟೆಯಲ್ಲಿ ಮಲಗಬೇಡ. ನಿಮ್ಮಮ್ಮನಾಗಿದ್ದರೆ ಇಷ್ಟು ಹೇಳುವುದಕ್ಕೇ ಒಂದು ಪುಟ ತುಂಬಿಸುತ್ತಿದ್ದಳು. ಗುರುವಾರದೊಳಗೆ ನಿನ್ನ ಕೈಸೇರಲಿ ಅಂತ ಸೋಮವಾರ ಸೋಮವಾರ ಬರೆಯುತ್ತಿದ್ದಳಲ್ಲ. ಮೇ ತಿಂಗಳಲ್ಲಿ ಅವಳು ಹೋದಳು, ಆಗಸ್ಟಿನಲ್ಲಿ ಆಟಗಳು ಶುರುವಾದವು, ಅಲ್ಲಿಂದ ಇಲ್ಲಿಯವರೆಗೆ ಒಂದು ಸೋಮವಾರವೂ ನಾನು ಕೂತು ಬರೆಯಲಿಲ್ಲ. ರಾತ್ರಿ ದಿನಚರಿಯಲ್ಲಿ ಎರಡು ಸಾಲು ಗೀಚುವವನಿಗೆ ಕಾಗದ ಬರೆಯಲು ಬರುವುದಿಲ್ಲ ಅಂತ ನೆಪ ಹೇಳಿಕೊಂಡೆ. ಬರುತ್ತದೋ ಇಲ್ಲವೋ ನೀನೇ ನೋಡು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಾಯಿ ಈಗಲೂ ಅವಳ ಮಂಚದ ಕಡೆಯೇ ಮಲಗುತ್ತದೆ. ಚರ್ಚಿನ ಹೆಂಗಸರು ಬೇಸಿಗೆಯಿಡೀ ಊಟ ತಂದುಕೊಟ್ಟರು, ಈಗ ನಿಲ್ಲಿಸಿದ್ದಾರೆ. ಅವರ ಪಾತ್ರೆಗಳನ್ನು ತೊಳೆದಿಟ್ಟಿದ್ದೇನೆ, ಯಾವುದು ಯಾರದ್ದೋ ಗೊತ್ತಾಗುತ್ತಿಲ್ಲ. ನಾನು ಓಡಿಸುವ ಶಾಲೆಯ ಬಸ್ಸಿಗೆ ಹೊಸ ಬ್ರೇಕ್ ಹಾಕಿಸಿದರು. ಗುರುವಾರ ಹಬ್ಬದ ಊಟಕ್ಕೆ ನಿನ್ನ ಬರ್ಲ್ ಮಾವ ಕರೆದಿದ್ದಾನೆ. ಟರ್ಕಿ ಕೋಳಿಯನ್ನು ತಾನೇ ಹೊಗೆಯಲ್ಲಿ ಬೇಯಿಸುತ್ತೇನೆ ಅಂತ ಹೊರಟಿದ್ದಾನೆ. ಹೋದ ವರ್ಷ ಅವನ ಕೈಯಲ್ಲಿ ಅದು ಏನಾಯಿತು ಅಂತ ನಿನಗೆ ನೆನಪಿರಬೇಕು.

ಈಗ ನಿನ್ನೆಯ ಮಾತು. ನೀನು ಹೆದರಿ ಹೆದರಿ ಹೇಳಿದೆ. ನಿಮ್ಮ ಫುಟ್‌ಬಾಲ್ ತಂಡದಲ್ಲಿ ಲ್ಯಾಂಡ್ರಿಗೆ ಇದು ಕೊನೆಯ ವರ್ಷ, ಅವನು ಹೋದ ಮೇಲೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗ ನಿನ್ನದೇ ಅಂತ ಮೂರು ವರ್ಷ ಅವನ ಬೆನ್ನ ಹಿಂದೆ ನಿಂತೆ. ಈಗ ಕೋಚು ಜಾರ್ಜಿಯಾದಿಂದ ಒಬ್ಬ ಹುಡುಗನನ್ನು ಕರೆತರುತ್ತಾರಂತೆ, ನಿನಗೆ ಇನ್ನು ಉಳಿದಿರುವ ಒಂದೇ ವರ್ಷವೂ ಎರಡನೆಯ ಸಾಲಿನಲ್ಲೇ ಅಂತೆ. ಆಮೇಲೆ, "ಅಪ್ಪಾ, ಆಟಗಳು ಮುಗಿದ ಮೇಲೆ ರಿಡ್ಜ್ಲಿಗೆ ಹೋದ್ರೆ ನೀವೇನಂತೀರಿ?" ಅಂದೆ. ನಾನಂದೆ, "ಅವರ ಮೇಲೆ ಆಡೋ ವಾರದಲ್ಲಿ, ಮೈಮೇಲೆ ಹಳದಿ ಅಂಗಿ ಇಟ್ಕೊಂಡು, ಬಾಯಲ್ಲಿ ಆ ಹೆಸರು ತರ್ತೀಯಲ್ಲೋ, ನಾಚಿಕೆ ಆಗಲ್ವಾ?" ಫೋನ್ ಇಟ್ಟುಬಿಟ್ಟೆ. ನಾಚಿಕೆ ಯಾರಿಗೆ ಆಗಬೇಕಿತ್ತು ಅಂತ ಅಡುಗೆಮನೆಯಲ್ಲಿ ನಿಂತವನಿಗೆ ಅರ್ಥವಾಯಿತು.

ನೀನು ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಈ ಮನೆಗೆ ರಿಡ್ಜ್ಲಿಯ ನೀಲಿ ತಂಡದ ಕೋಚ್ ಬಂದಿದ್ದ ಸಂಜೆಯನ್ನು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ಹಿಂದಿನ ವಾರವಷ್ಟೇ ನಮ್ಮ ಹಳದಿ ಹೋಲ್ಸ್ಟನ್ ಕಾಲೇಜಿನ ಕೋಚ್ ಬಂದು ಹೋಗಿದ್ದರು. ಈತ ನಿಮ್ಮಮ್ಮ ಮಾಡಿದ ಬಾಳೆಹಣ್ಣಿನ ಪುಡ್ಡಿಂಗನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಎರಡನೆಯ ವರ್ಷದಲ್ಲೇ ನಿನ್ನನ್ನು ಆಡಿಸುತ್ತೇನೆ ಅಂದ. ರಿಡ್ಜ್ಲಿ ಇಲ್ಲಿಂದ ಅರ್ಧ ಗಂಟೆಯ ದಾರಿ. ಅವನು ಮಾತಾಡುವಷ್ಟು ಹೊತ್ತೂ ನಿಮ್ಮಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಡಯಾಲಿಸಿಸ್ ಶುರುವಾದ ಹೊಸತು, ಕೂತುಕೋ ಅಂದರೆ ಕೂರುತ್ತಿರಲಿಲ್ಲ. ಅವನು ಹೋದ ಮೇಲೆ, "ಹತ್ತಿರ ಇರ್ತಾನೆ ವೆಂಡೆಲ್" ಅಂದಳು. ಅಷ್ಟೇ. ನಾನು ನನ್ನ ಅಪ್ಪನ ಮಾತನ್ನೇ ಹೇಳಿದೆ: ಈ ಹೊಸಿಲು ಹಳದಿ, ನೀಲಿ ಇದನ್ನು ದಾಟಬಾರದು. ಅವಳು ನೀಲಿಯವರ ಮನೆಯಲ್ಲೇ ಹುಟ್ಟಿ ಬೆಳೆದವಳು ಅನ್ನುವುದು ಆ ಕ್ಷಣದಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ ನೋಡು. ನಮ್ಮ ಕಡೆ ಮದುವೆಯಾದ ಹೆಣ್ಣು ಗಂಡನ ಬಣ್ಣ ತೊಡುತ್ತಾಳೆ. ಇವಳೂ ನಗುತ್ತಲೇ ತೊಟ್ಟಿದ್ದಳು. ಹಾಗಾಗಿ ಅವಳಿಗೆ ಅದೇ ಇಷ್ಟ ಅಂದುಕೊಂಡೆ.

ಮಂಗಳವಾರ, ಗುರುವಾರ, ಶನಿವಾರ. ಅವಳಿಗೆ ಆಸ್ಪತ್ರೆಯಲ್ಲಿ ಸಿಕ್ಕಿದ್ದು ಆ ದಿನಗಳೇ. ಶನಿವಾರ ಬೆಳಗ್ಗೆ ಯಂತ್ರಕ್ಕೆ ಕೂತವಳು ಐದು ಗಂಟೆ ದಾರಿಯ ಹೋಲ್ಸ್ಟನ್‌ಗೆ ಎಲ್ಲಿಂದ ಬರಬೇಕು? ರಿಡ್ಜ್ಲಿಯಾಗಿದ್ದರೆ ಸೂಜಿ ತೆಗೆಸಿಕೊಂಡು, ಒಂದು ನಿದ್ದೆ ಮಾಡಿಯೂ ಮಧ್ಯಾಹ್ನದ ಆಟಕ್ಕೆ ಹೋಗಿ ಕೂರಬಹುದಿತ್ತು. ನಾನು ನಾಲ್ಕೈದು ಸಲ ಬಂದು ಹೋದೆ. ಅವಳೇ ಹೋಗು ಹೋಗು ಅಂತ ತಳ್ಳಿದಳು. ನಾನು ಹಳದಿ ಟೋಪಿ ಹಾಕಿಕೊಂಡು ಅಲ್ಲಿ ಕೂಗುತ್ತಿದ್ದರೆ ಇಲ್ಲಿ ಬರ್ಲ್ ಅವಳನ್ನು ಆಸ್ಪತ್ರೆಗೆ ಬಿಟ್ಟು, ಕಾದು, ಕರೆತರುತ್ತಿದ್ದ.

ನೀನು ಆಡುತ್ತಿರಲಿಲ್ಲ, ಆದರೂ ಅವಳು ಆಸ್ಪತ್ರೆಯ ಆ ಕುರ್ಚಿಯಲ್ಲಿ ರೇಡಿಯೋ ಇಟ್ಟುಕೊಂಡು ಕೇಳುತ್ತಿದ್ದಳು, ಮಧ್ಯಾಹ್ನದ ಮೇಲೆ ಆಟವಿದ್ದರೆ ಮನೆಯಲ್ಲಿ. ಒದೆಯುವವನು ಕಂಬಗಳ ನಡುವೆ ಚೆಂಡು ಒದೆಯಲು ಬರುವಾಗ, ಅದನ್ನು ಹಿಡಿದು ನೆಲದ ಮೇಲೆ ನೆಟ್ಟಗೆ ನಿಲ್ಲಿಸುವ ಕೆಲಸ ನಿನಗೆ ಕೊಟ್ಟಿದ್ದರಲ್ಲ. ಆಗ ಮಾತ್ರ ರೇಡಿಯೋದವನು ನಿನ್ನ ಹೆಸರು ಹೇಳುತ್ತಿದ್ದ. ಇವಳು ತಕ್ಷಣ ಅಕ್ಕಪಕ್ಕದ ಕುರ್ಚಿಯವರನ್ನು ಎಬ್ಬಿಸುತ್ತಿದ್ದಳಂತೆ. "ಕೇಳಿದ್ರಾ? ಹಿಡಿದು ನಿಲ್ಲಿಸೋದು ನನ್ನ ಮಗ. ಅವನು ನಿಲ್ಲಿಸಿದ್ರೇನೇ ಇವನು ಒದೆಯೋದು!" ಅಲ್ಲಿನ ನರ್ಸ್ ಒಬ್ಬಳು ಮಣ್ಣಿಗೆ ಬಂದಿದ್ದಾಗ ನನಗೆ ಇದನ್ನು ಹೇಳಿದಳು. ನಿನಗೆ ಹೇಳಲು ಇಷ್ಟು ದಿನ ಬಾಯಿ ಬರಲಿಲ್ಲ.

ಇವತ್ತು ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕಾಫಿಗೆ ಅಂತ ದನದ ಮೇವಿನ ಅಂಗಡಿಗೆ ಹೋದೆ. ಬರ್ಲ್ ತಲೆಯಿಂದ ಕಾಲಿನವರೆಗೆ ನೀಲಿ ಸುತ್ತಿಕೊಂಡು ಕೂತಿದ್ದ. ಈ ವಾರ ಅವನು ಒಳಚಡ್ಡಿಯನ್ನೂ ಬಿಡುವುದಿಲ್ಲ. "ಏನು ಭಾವ, ಹುಳಿ ಮಜ್ಜಿಗೆ ಕುಡಿದ ಮುಖ? ಶನಿವಾರದ ಸೋಲು ಸೋಮವಾರಾನೇ ಬಂತಾ?" ಅಂದ. "ಮೊದಲು ನಿಮ್ಮನೆ ನೋಡ್ಕೊಳ್ಳೋ. ನಿಮ್ಮ ಕ್ವಾರ್ಟರ್‌ಬ್ಯಾಕ್ ಮಂಡಿ ತಿರುಚಿದ್ರೆ ಹಿಂದೆ ಯಾರಿದ್ದಾರೆ?" ಅಂದೆ. "ಮೀಸೆ ಮೂಡದ ಇಬ್ಬರು ಕೂಸುಗಳು" ಅಂತ ಒಪ್ಪಿಕೊಂಡ. "ನಮ್ಮ ಬಾವಿ ಒಣಗಿದೆ ಭಾವ, ಸುಳ್ಳು ಹೇಳಲ್ಲ. ನೀವು ನೋಡಿದ್ರೆ ತುಂಬಿದ ಕೊಡಕ್ಕೆ ಮುಚ್ಚಳ ಹಾಕಿ ಮೂರು ವರ್ಷ ಅಟ್ಟದ ಮೇಲೆ ಇಟ್ಟಿದ್ದೀರಿ." ಅವನು ಹೇಳಿದ್ದು ನಿನ್ನ ಬಗ್ಗೆಯೇ. ಅಂಗಡಿಯವರೆಲ್ಲ ನಕ್ಕರು, ನನಗೆ ಆಗಲಿಲ್ಲ. ಹೊರಗೆ ಕರೆದು ನಿನ್ನ ಫೋನಿನ ವಿಷಯ ಹೇಳಿದೆ. ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಗ ನನ್ನ ಬಾಯಿಂದ ಇನ್ನೊಂದು ಬಂತು. "ಬರ್ಲ್, ಅವಳನ್ನ ಹಳದಿ ಸ್ವೆಟರ್‌ನಲ್ಲಿ ಮಣ್ಣು ಮಾಡಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ." ನಮ್ಮಪ್ಪನನ್ನೂ, ಅಜ್ಜನನ್ನೂ ಹಾಗೇ ಕಳಿಸಿದ್ದೆವಲ್ಲ, ಬಟ್ಟೆ ಕೊಡಿ ಅಂತ ಶವಪೆಟ್ಟಿಗೆಯವರು ಕೇಳಿದಾಗ ಯೋಚನೆಯನ್ನೇ ಮಾಡದೆ ಬೀರುವಿನಿಂದ ಅದನ್ನೇ ತೆಗೆದುಕೊಟ್ಟಿದ್ದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಏನೋ ಹೇಳಲು ಹೊರಟು ನಿಲ್ಲಿಸಿದೆ. ಅದೂ ನನಗೆ ಕಂಡಿತ್ತು.

ಬರ್ಲ್ ಕೆಮ್ಮಿದ. "ಪೆಟ್ಟಿಗೆ ಮುಚ್ಚಳ ಸೊಂಟದವರೆಗೆ ತಾನೇ ತೆಗೆದಿದ್ರು?" ಅಂದ. ಹೌದು ಅಂದೆ. "ಕಾಲು ನೋಡಿದ್ಯಾ?" ಇಲ್ಲ ಅಂದೆ. "ನೀಲಿ ಕಾಲುಚೀಲ ಇದೆ ಭಾವ. ಮಣ್ಣಿನ ಹಿಂದಿನ ದಿನ ನಾನೇ ಹೋಗಿ ಪೆಟ್ಟಿಗೆಯವರಿಗೆ ಕೊಟ್ಟು ಬಂದೆ. ಬೈಬೇಡ. ಅವಳೇ ಹೇಳಿದ್ದು, ಆಸ್ಪತ್ರೆಯಿಂದ ಬರ್ತಾ ಕಾರಲ್ಲಿ. ಮೇಲಿಂದು ವೆಂಡೆಲ್ ಅವನಿಗೆ ಬೇಕಾದ್ದು ಹಾಕ್ಲಿ ಬಿಡು, ಪಾಪ. ಕೆಳಗಿಂದು ನಂದು ಅಂದ್ಲು."

ನಗು ಬಂತು ಕಣೋ. ಗಟ್ಟಿಯಾಗಿ ನಕ್ಕೆ, ಆಮೇಲೆ ಬಸ್ಸಿನೊಳಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಕಾಲುಚೀಲಕ್ಕಲ್ಲ ನಾನು ಹಾಗೆ ಹೋಗಿ ಕೂತದ್ದು. ಪಾಪ ಅಂದಳಲ್ಲ, ಅದಕ್ಕೆ. ಅವಳ ಬಣ್ಣ, ಅವಳ ಶನಿವಾರಗಳು, ಮಗ ಆಡುವುದನ್ನು ಕಣ್ಣಾರೆ ನೋಡುವ ಒಂದು ಮಧ್ಯಾಹ್ನ, ಎಲ್ಲ ನಾನು ಕಿತ್ತುಕೊಂಡೆ. ಅವಳು ನನ್ನನ್ನು ಪಾಪ ಅಂದಳು. ನೀನೂ ಹಾಗೇ. ಹದಿನೆಂಟರ ಹುಡುಗ, ಆ ಸಂಜೆ ನನ್ನ ಮುಖ ನೋಡಿ, "ಹೋಲ್ಸ್ಟನ್ನೇ ಸರಿ ಅಪ್ಪಾ" ಅಂದೆ. ಮೂರು ವರ್ಷದಲ್ಲಿ ಒಂದು ಸಲವೂ ಗೊಣಗಲಿಲ್ಲ. ನಿನ್ನೆ ಮೊದಲ ಸಲ ಕೇಳಿದೆ, ಅದಕ್ಕೆ ನಾಚಿಕೆ ಇಲ್ವಾ ಅನ್ನಿಸಿಕೊಂಡೆ.

ಶನಿವಾರ ಬರುತ್ತಿದ್ದೇನೆ. ನಸುಕಿಗೇ ಹೊರಡುತ್ತೇನೆ, ಬರ್ಲ್ ಕೂಡ ನನ್ನ ಗಾಡಿಯಲ್ಲೇ ಬರುತ್ತಾನೆ. ದಾರಿಯುದ್ದಕ್ಕೂ ಅವನ ಹಾಡು ಕೇಳುವುದು ನನ್ನ ಪಾಲಿನ ಶಿಕ್ಷೆ. ನೀನು ಹಳದಿಯಲ್ಲಿ ಇರುವವರೆಗೆ ನಾನೂ ಹಳದಿಯಲ್ಲೇ ಕೂರುತ್ತೇನೆ. ಚೆಂಡು ಹಿಡಿಯಲು ಓಡಿ ಬಂದಾಗ ಒಂದು ಸಲ ನಮ್ಮ ಕಡೆ ನೋಡು. ಅಕ್ಕಪಕ್ಕದವರನ್ನು ಎಬ್ಬಿಸುವ ಕೆಲಸ ಈಗ ನನ್ನದು.

ಬರ್ಲ್ ಮಾವನೂ ಅತ್ತೆಯೂ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಕೈ ಮಂಡಿ ಎಲ್ಲ ಗಟ್ಟಿಯಾಗಿಟ್ಟಿರಲಿ. ನಿಮ್ಮಮ್ಮ ಕಾಗದದ ಕೊನೆಗೆ ಏನು ಬರೆಯುತ್ತಿದ್ದಳೋ ನನಗೆ ಗೊತ್ತಿಲ್ಲ, ಅದನ್ನೂ ಇಲ್ಲಿ ಬರೆದಿದೆ ಅಂದುಕೋ.

ನಿನ್ನ ಅಪ್ಪ,
ವೆಂಡೆಲ್

ತಾ.ಕ.: ಅಂಚೆ ಗಾಡಿ ಪಕ್ಕದ ಮನೆಗೆ ಬಂದಾಗಿದೆ. ಇಷ್ಟುದ್ದ ಬರೆದು ನೀನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ಹೋಗು ಅನ್ನುವುದಿಲ್ಲ, ಇರು ಅಂತಲೂ ಅನ್ನುವುದಿಲ್ಲ. ಹೋದ ಸಲ ನಾನು ಆರಿಸಿದೆ, ಈ ಸಲ ನೀನು. ಹೊಸಿಲಿನ ಮಾತು ನಮ್ಮಪ್ಪನ ಜೊತೆಗೇ ಹೋಗಲಿ. ಬರ್ಲ್ ತನ್ನ ನೀಲಿ ಟೋಪಿಯನ್ನು ಬಸ್ಸಿನಲ್ಲೇ ಬಿಟ್ಟುಹೋಗಿದ್ದಾನೆ, ಮರೆತು ಅಲ್ಲ. ಹಾಕಿ ನೋಡಿದೆ. ತಲೆಗೆ ಸರಿಯಾಗಿದೆ. ಕನ್ನಡಿ ಮಾತ್ರ ಇನ್ನೂ ನೋಡಿಕೊಂಡಿಲ್ಲ.