ಹೊಳೆ ಕಡೆ ತೋರಿಸಿದ ಕೈ

ಅಪ್ಪಾ,

ಇವತ್ತು ಶನಿವಾರದ ಸಂತೆಯಲ್ಲಿ, ಚರ್ಚಿನ ಗೋಡೆಯ ಪಕ್ಕ ನಿನ್ನ ಜಾಗದಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ಬುಟ್ಟಿಯ ತುಂಬ ಕಾಡಿನ ಅಣಬೆ. ನೀನು ತರುತ್ತಿದ್ದಂಥವೇ, ಕಂದು ಟೋಪಿಯ, ದಪ್ಪ ಕಾಲಿನವು.

ಅವು ಏಳುವ ಜಾಗವನ್ನು ನೀನು ಯಾರಿಗೂ ಹೇಳಲಿಲ್ಲ. ಪೆರಿಗೋರ್ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ, ಸರಿ. ಆದರೆ ಬೇರೆಯವರು ಸಾಯುವ ಮುಂಚೆ ಮಕ್ಕಳಿಗಾದರೂ ಹೇಳುತ್ತಾರೆ. ನೀನು ಆಸ್ಪತ್ರೆಯ ಹಾಸಿಗೆಯಲ್ಲೂ "ಹೊಳೆ ಕಡೆ" ಎಂದು ಕೈ ತೋರಿಸಿದೆ. ಆಮೇಲೆ ನರ್ಸಿಗೆ, "ಹೆಣ್ಣಿನ ಬಾಯಲ್ಲಿ ಗುಟ್ಟು ನಿಲ್ಲಲ್ಲಮ್ಮ" ಅಂದೆ. ನಾನು ಅಲ್ಲೇ ನಿಂತಿದ್ದೆ.

ನಿನ್ನ ಮಾತು ನಂಬಿ ಹೊಳೆದಂಡೆಯನ್ನೆಲ್ಲ ಜಾಲಾಡಿದೆ. ಹಳೇ ಗಿರಣಿಯ ಹಿಂದೆ, ಪಾಳು ಕೋಟೆಯ ಕೆಳಗಿನ ಓಕ್ ತೋಪಿನಲ್ಲಿ, ಎಲ್ಲೂ ಒಂದೂ ಸಿಗಲಿಲ್ಲ. ಈ ವರ್ಷ ಸಿಟ್ಟು ಬಂದು, ನಿನ್ನ ಕೈ ತೋರಿಸಿದ ದಿಕ್ಕಿಗೆ ಬೆನ್ನು ತಿರುಗಿಸಿ ಗುಡ್ಡ ಹತ್ತಿದೆ. ಚೆಸ್ಟ್‌ನಟ್ ಮರಗಳ ಬುಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಎದ್ದಿದ್ದವು.

ಪಕ್ಕದಲ್ಲಿ ಮೇಕೆ ಹಾಲಿನ ಚೀಸ್ ಮಾರುವ ಸೊಲಾಂಜ್ ಬಗ್ಗಿ ನೋಡಿದಳು. "ಪರವಾಗಿಲ್ವೇ, ಅಪ್ಪನಿಗೆ ತಕ್ಕ ಮಗಳು. ಎಲ್ಲಿ ಸಿಕ್ತೇ ಇಷ್ಟೊಂದು?"

ನಾನು ಕೈ ಎತ್ತಿ ತೋರಿಸಿದೆ. "ಹೊಳೆ ಕಡೆ."

"ಥೂ, ನಿಮ್ಮ ವಂಶವೇ ಸುಳ್ಳಿಂದು" ಎಂದು ನಕ್ಕಳು.

ನೋಡಿದೆಯಾ, ಗುಟ್ಟು ನಿಂತಿತು. ಗಂಡನಿಗೂ ಹೇಳಿಲ್ಲ, ತಮ್ಮನಿಗೂ ಹೇಳಿಲ್ಲ. ಓಡಿ ಬಂದು ಹೇಳಬೇಕು ಅನ್ನಿಸಿದ್ದು ನಿನಗೊಬ್ಬನಿಗೆ. ನಿನಗೆ ಮೊದಲೇ ಗೊತ್ತಿತ್ತಲ್ಲ.